ಗೈರುಹಾಜರಾದ ಹೆಬ್ಬೆರಳು

ಮುಟ್ಟು ನಿಲ್ಲುವ ಕಾಲವನ್ನು ಪೂರ್ವಸಿದ್ಧತೆಯೊಂದಿಗೆ ಬರಮಾಡಿಕೊಂಡವಳು ನಾನು. ಬೆವರು ಬರುತ್ತದೆ, ನಿದ್ದೆ ಹೋಗುತ್ತದೆ, ಗಂಡ ಕಾಫಿಯನ್ನು ಸೊರ್ರೆಂದು ಹೀರಿದರೂ ಸಿಟ್ಟು ನೆತ್ತಿಗೇರುತ್ತದೆ ಎಂದೆಲ್ಲ ಮೊದಲೇ ಓದಿಕೊಂಡಿದ್ದೆ. ಓದಿದ ಹಾಗೆಯೇ ಎಲ್ಲವೂ ಬಂದವು. ಚರ್ಮ ಒಣಗಿ ಹಪ್ಪಳದಂತಾದಾಗಲೂ ಧೃತಿಗೆಡಲಿಲ್ಲ. ಎಂ.ಎಸ್ಸಿ. ಮಾಡಿದವಳು, ಒಣ ಚರ್ಮಕ್ಕೊಂದು ಮದ್ದು ಕಂಡುಕೊಳ್ಳಲಾರೆನೇ? ಕಡಲೆಹಿಟ್ಟಿಗೆ ನಿಂಬೆಹಣ್ಣು ಹಿಂಡಿ ಮುಖಕ್ಕೆ, ಕೈಕಾಲಿಗೆ ತಿಕ್ಕುವುದು, ಆಮೇಲೆ ಹಬೆಯಾಡುವ ನೀರಲ್ಲಿ ಸೋಪು ಹಾಕಿ ತೊಳೆಯುವುದು. ತುರಿಕೆ ಹೆಚ್ಚಾಯಿತು. ಮದ್ದು ಸಾಲಲಿಲ್ಲವೆಂದು ಇನ್ನಷ್ಟು ತಿಕ್ಕಿದೆ.

"ಏನೇ, ಮೈ ತಿಕ್ತಾ ಇದೀಯೋ, ಪಾತ್ರೆ ತಿಕ್ತಾ ಇದೀಯೋ?" ಬಚ್ಚಲ ಬಾಗಿಲಾಚೆಯಿಂದ ನಮ್ಮವರು ಕೇಳಿದರು.

"ಸತ್ತ ಚರ್ಮ ಹೋಗ್ಬೇಕು ರೀ."

"ಬದುಕಿರೋದನ್ನ ಸ್ವಲ್ಪ ಉಳಿಸ್ಕೋ."

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಮನೆ ಇರುವುದು ಕೊಲ್ಲಿ ನಾಡಿನಲ್ಲಿ, ಅಲ್ ಮನ್ಸೂರಾ ಎಂಬ ಬಡಾವಣೆಯಲ್ಲಿ. ಮೆಟ್ರೊ ಹಿಡಿದರೆ ಆಫೀಸು ದೂರವಲ್ಲ. ಕಟ್ಟಡದ ಸಾಮಾನು ಮಾರುವ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನನ್ನ ಕೆಲಸ. ಅಲ್ಲಿ ಹಾಜರಿ ಹಾಕಲು ಬಾಗಿಲ ಬಳಿ ಹೆಬ್ಬೆರಳು ಒತ್ತುವ ಯಂತ್ರವಿದೆ. ಒಂದು ದಿನ ಮಧ್ಯಾಹ್ನ, ಹಾಜರಿ ನೋಡಿಕೊಳ್ಳುವ ಉಡುಪಿ ಕಡೆಯ ಪ್ರವೀಣ್ ನನ್ನನ್ನು ಕರೆದರು.

"ಎಂತ ಮೇಡಂ, ಈ ತಿಂಗಳು ಸುಮಾರು ದಿನ ನೀವು ಬರಲೇ ಇಲ್ಲ. ಹುಷಾರಿರಲಿಲ್ವಾ?"

"ಒಂದು ದಿನವೂ ತಪ್ಪಿಸಿಲ್ಲ ನಾನು."

ಅವರು ಕಂಪ್ಯೂಟರಿನ ಪರದೆಯನ್ನು ನನ್ನತ್ತ ತಿರುಗಿಸಿದರು. ನನ್ನ ಹೆಸರಿನ ಮುಂದೆ ಅಲ್ಲಲ್ಲಿ ಕೆಂಪು. ಆಗಷ್ಟೇ ಊಟದ ಡಬ್ಬಿ ತೊಳೆದು ಬಂದಿದ್ದೆ. ಹಸಿ ಕೈಯಲ್ಲೇ ಹೋಗಿ, ಪ್ರಮಾಣ ಮಾಡುವವಳ ಗಾಂಭೀರ್ಯದಿಂದ ಯಂತ್ರದ ಮೇಲೆ ಹೆಬ್ಬೆರಳಿಟ್ಟೆ. 'ಥ್ಯಾಂಕ್ ಯೂ' ಎಂದಿತು ಅದು, ಬಹಳ ವಿನಯದಿಂದ.

"ನೋಡಿ, ಮೆಷಿನ್ ಸರಿ ಉಂಟು," ಎಂದರು ಪ್ರವೀಣ್.

ಯಂತ್ರ ಸರಿಯಿದೆ ಎಂದಾದರೆ ಕೆಟ್ಟಿರುವುದು ಯಾವುದು?

ನನ್ನ ದೊಡ್ಡಮ್ಮ ಕೊನೆಕೊನೆಗೆ ಹೆತ್ತ ಮಕ್ಕಳನ್ನೇ "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದರು. ಅದು ಶುರುವಾದದ್ದು ಸಣ್ಣದಾಗಿ. ಹಾಲು ತಂದಿಟ್ಟೆ ಎನ್ನುತ್ತಿದ್ದರು, ತಂದಿರುತ್ತಿರಲಿಲ್ಲ. ನಾನು ಆಫೀಸಿಗೆ ಬಂದೆ ಎನ್ನುತ್ತಿದ್ದೇನೆ. ಬಂದಿದ್ದೆನೇ? ಮೆಟ್ರೊದಲ್ಲಿ ಕೂತದ್ದು ನೆನಪಿದೆ. ಅದು ಈ ವಾರದ ಮೆಟ್ರೊ ಎಂದು ಹೇಗೆ ಹೇಳಲಿ? ನೆನಪನ್ನು ನಂಬಲಾರದ ಕಾರಣಕ್ಕೇ ನಾನು ದಿನಚರಿ ಬರೆಯುವುದು. ತೆರೆದು ನೋಡಿದೆ. ಆ ತಿಂಗಳ ಪುಟಗಳ ತುಂಬ 'ತುರಿಕೆ' ಎಂಬುದೊಂದೇ ಪದ.

ಸಂಜೆ ನಮ್ಮವರನ್ನು ಮೆಲ್ಲಗೆ ವಿಚಾರಿಸಿದೆ.

"ರೀ, ನಾನು ದಿನಾ ಬೆಳಿಗ್ಗೆ ಎಲ್ಲಿಗೆ ಹೋಗ್ತೀನಿ?"

ಅವರು ಫೋನಿನಿಂದ ತಲೆಯೆತ್ತಿದರು. "ಇದು ಪ್ರಶ್ನೆನೋ, ಜಗಳದ ಪೀಠಿಕೆನೋ?"

"ಸುಮ್ನೆ ಹೇಳಿ."

"ಆಫೀಸಿಗೆ ಅಂದ್ಕೊಂಡಿದೀನಿ. ಬೇರೆಲ್ಲಾದ್ರೂ ಹೋಗ್ತಿದ್ರೆ ಈಗ್ಲೇ ಹೇಳ್ಬಿಡು."

ನಗುವ ಬದಲು ನಾನು ಅತ್ತೆ. ದೊಡ್ಡಮ್ಮನ ಹಾಲಿನ ಕಥೆ ಹೇಳಿದೆ. ಅವರು ಫೋನನ್ನು ಬೋರಲು ಹಾಕಿ ಪಕ್ಕಕ್ಕಿಟ್ಟರು.

"ಡಾಕ್ಟರ್ ಹತ್ರ ಹೋಗೋಣ ಬಾ."

"ಬೇಡ ರೀ. ಅವರು ಹೌದು ಅಂದ್ಬಿಟ್ರೆ?"

ಮರುದಿನದಿಂದ ಸಾಕ್ಷಿಗಳನ್ನು ಕೂಡಿಹಾಕತೊಡಗಿದೆ. ಬೆಳಿಗ್ಗೆ ಒಬ್ಬೊಬ್ಬರ ಮೇಜಿಗೂ ಹೋಗಿ, "ನಾನು ಬಂದಿದ್ದೇನೆ," ಎಂದು ತಿಳಿಸಿ ಬರುತ್ತಿದ್ದೆ. ಜನ ನನ್ನನ್ನು ಕಂಡರೆ ಶೌಚಾಲಯದತ್ತ ನಡೆಯಲಾರಂಭಿಸಿದರು. ಒಂದು ಬೆಳಿಗ್ಗೆ, ಹಾಗೆ ಸುದ್ದಿ ಮುಟ್ಟಿಸುವ ಮೊದಲು ಯಂತ್ರದ ಮುಂದೆ ಒಂದು ಕ್ಷಣ ನಿಂತೆ. ಬೆರಳೊತ್ತಿದೆ. ಕೆಂಪು ದೀಪ. 'ಟ್ರೈ ಅಗೇನ್'. ಹಿಂದಿದ್ದವರು ಕೈ ಚಾಚಿ ಒತ್ತಿದರು. 'ಥ್ಯಾಂಕ್ ಯೂ'. ಅಂದರೆ, ಇಷ್ಟು ದಿನ ನಾನು ಕೇಳಿಸಿಕೊಂಡು ಹೋದದ್ದು ಹಿಂದಿನವರ ಕೃತಜ್ಞತೆಯನ್ನು! ಕೆಟ್ಟದ್ದು ತಲೆಯಲ್ಲ, ಬೆರಳು; ಆ ಮಧ್ಯಾಹ್ನ ಯಂತ್ರ ಅದನ್ನು ಒಪ್ಪಿದ್ದು ಒದ್ದೆಯಾಗಿದ್ದರಿಂದ. ಅಲ್ಲೇ ಕುಣಿಯಬೇಕೆನಿಸಿತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಒಣ ಬೆರಳಿಗೆ ಎಣ್ಣೆ ಎಂಬ ವೈಜ್ಞಾನಿಕ ತೀರ್ಮಾನಕ್ಕೆ ಬಂದು, ಮರುದಿನ ಎರಡೂ ಕೈಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಹೋದೆ. ಒತ್ತಿದೆ, ಜಾರಿತು, ಇನ್ನೊಂದು ಬೆರಳು, ಮತ್ತೊಂದು. ಆಮೇಲೆ ಆ ಯಂತ್ರ ಯಾರನ್ನೂ ಗುರುತಿಸಲಿಲ್ಲ. ಸಾಲು ಲಿಫ್ಟಿನವರೆಗೆ ಬೆಳೆಯಿತು. ಸಾಲಿನಲ್ಲಿದ್ದ ನಮ್ಮ ಮ್ಯಾನೇಜರು ತಾವೂ ಒತ್ತಿ, ಬೆರಳು ಮೂಸಿ, "ಖಲಾಸ್," ಎಂದರು. ಪ್ರವೀಣ್ ಬಟ್ಟೆ ಹಿಡಿದು ಓಡಿ ಬಂದರು.

"ಎಂತ ಮಾರಾಯ್ರೆ ಇದು, ದೋಸೆ ಹೊಯ್ಯುವ ಕಾವಲಿಯಾ?"

ಆ ಸಂಜೆ ನಮ್ಮವರು ನನ್ನನ್ನು ಎಳೆದುಕೊಂಡೇ ಕ್ಲಿನಿಕ್ಕಿಗೆ ಹೋದರು. ಡಾಕ್ಟರಮ್ಮ ನನ್ನ ಬೆರಳನ್ನು ಭೂತಗನ್ನಡಿಯಲ್ಲಿ ನೋಡಿ, ಏನು ಹಚ್ಚುತ್ತೀರಿ ಎಂದರು. ಹೇಳಿದೆ. ಅವರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು.

"ಮುಟ್ಟು ನಿಲ್ಲುವಾಗ ಈಸ್ಟ್ರೊಜೆನ್ ಇಳಿಯುತ್ತೆ. ಚರ್ಮ ತೆಳ್ಳಗಾಗುತ್ತೆ, ಎಣ್ಣೆಯಂಶ, ತೇವ ಎರಡೂ ಕಮ್ಮಿ ಆಗುತ್ತೆ. ಅದರ ಮೇಲೆ ಇಲ್ಲಿನ ಬಿಸಿಲು, ಎ.ಸಿ. ಅದೂ ಸಾಲದು ಅಂತ ನೀವು ಹುಳಿ ಹಾಕಿ ಉಜ್ಜಿದ್ದೀರಿ. ಬೆರಳಿನ ಗೆರೆ ಎಲ್ಲಿ ಉಳಿಯುತ್ತೆ?"

ತಿಕ್ಕುವುದು ಬಂದ್. ನಿಂಬೆ ಏನಿದ್ದರೂ ಪಾನಕಕ್ಕೆ. ಪರಿಮಳವಿಲ್ಲದ ಮೆದು ಸೋಪು, ಉಗುರುಬೆಚ್ಚಗಿನ ನೀರು, ಮೈ ಒತ್ತಿ ಒರೆಸಿ ಇನ್ನೂ ಹಸಿ ಇರುವಾಗಲೇ ಕ್ರೀಮು, ಕೈ ತೊಳೆದಾಗಲೆಲ್ಲ ಮತ್ತೆ ಕ್ರೀಮು, ಹೊರಗೆ ಹೊರಟರೆ ಬಿಸಿಲು ತಡೆಯುವ ಲೇಪ.

"ಬೇಸಿಗೆಯಲ್ಲಿ ಇಲ್ಲಿನ ನಲ್ಲೀಲಿ ಬರೋದೇ ಕುದಿನೀರು," ಎಂದರು ನಮ್ಮವರು.

"ಗೀಸರ್ ಆಫ್ ಮಾಡಿಡಿ. ಅದು ಮನೆಯೊಳಗಿರೋದ್ರಿಂದ ಅದರಲ್ಲಿ ನಿಂತ ನೀರು ತಣಿದಿರುತ್ತೆ."

ಕೆಲವು ವಾರಗಳಲ್ಲಿ ತುರಿಕೆ ಇಳಿಯಿತು, ಯಂತ್ರ ಧನ್ಯವಾದ ಹೇಳತೊಡಗಿತು. ನಾನು ಪ್ರವೀಣರ ಮುಂದೆ ಹೋಗಿ ನಿಂತೆ. "ಗೈರುಹಾಜರಾದದ್ದು ನಾನಲ್ಲ, ನನ್ನ ಹೆಬ್ಬೆರಳು. ಬೇಕಿದ್ದರೆ ಕ್ಯಾಮೆರಾ ನೋಡಿ."

"ನೋಡುವ," ಎಂದರು ಅವರು.

ಕೆಂಪು ಬಿದ್ದ ಒಂದೊಂದು ದಿನವನ್ನೂ ತೆಗೆದರು. ಪ್ರತಿ ದಿನವೂ ಪರದೆಯ ಮೇಲೆ ಆ ಹೆಂಗಸು ಬಂದಳು, ಬೆರಳೊತ್ತಿದಳು, ತಿರುಗಿ ನೋಡದೆ ಹೋದಳು. ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಕೊನೆಗೆ ಒಂದು ಬುಧವಾರ. ಎಲ್ಲರೂ ಬಂದರು. ಅವಳು ಬರಲಿಲ್ಲ.

"ಇದೊಂದು ದಿನ ನೀವಿಲ್ಲ ಮೇಡಂ."

"ಇದ್ದೆ. ಅವತ್ತು ಯಾರೋ ಖರ್ಜೂರ ಹಂಚಿದರು. ನಾನು ತಿಂದೆ."

"ಅದು ಗುರುವಾರ. ಹಂಚಿದ್ದು ನಾನೇ."

ನಮ್ಮವರಿಗೆ ಫೋನು ಮಾಡಿ ತಾರೀಕು ಹೇಳಿದೆ.

"ಆ ಬುಧವಾರ ಕಣ್ಣಿಗೆ ನಿಂಬೆರಸ ಹೋಗಿ ಇಡೀ ದಿನ ಮಲಗಿದ್ಯಲ್ಲೇ," ಎಂದರು. "ಒದ್ದೆ ಬಟ್ಟೆ ಇಟ್ಟೋನು ನಾನು. ಆಫೀಸಿಗೆ ಹೇಳ್ಲಾ ಅಂದ್ರೆ, ನಾನೇ ಹೇಳ್ತೀನಿ ಬಿಡಿ ಅಂದೆ."

"ದೊಡ್ಡಮ್ಮಂಗೂ ಹೀಗೇ ಅಲ್ವಾ ಶುರುವಾಗಿದ್ದು?" ಎಂದೆ.

"ಹೆದರ್ಕೋಬೇಡ್ವೇ. ಈ ಕಾಲದಲ್ಲಿ ಮರೆವೂ ಸ್ವಲ್ಪ ಇರುತ್ತೆ, ಸಾಮಾನ್ಯವಾಗಿ ಹೋಗುತ್ತೆ, ಜಾಸ್ತಿ ಆದ್ರೆ ಮತ್ತೆ ಬನ್ನಿ ಅಂತ ಆ ಡಾಕ್ಟರಮ್ಮ ನಿನ್ನೆದುರೇ ಹೇಳಿದ್ರಲ್ಲ. ನೀನೂ ಕೆದಕಿ ಕೆದಕಿ ಕೇಳಿ ಸಮಾಧಾನ ಮಾಡ್ಕೊಂಡೆ."

"ಹೌದು, ಹೌದು," ಎಂದು ಫೋನಿಟ್ಟೆ.

ಡಾಕ್ಟರಮ್ಮ ಹಾಗೆ ಹೇಳಿದ್ದು ನನಗೆ ಒಂಚೂರೂ ನೆನಪಿಲ್ಲ.