ಮೈಯೊಳಗಿನ ನೀರಿಗೆ ಪಂಪಿಲ್ಲ

ಬಾತ ಕಾಲು ತೊಳಿಯೋದು, ಒರಸೋದು, ನೀವೋದು ಹ್ಯಾಂಗಂತ ಮನಿಮನಿಗೆ ಹೋಗಿ ಹೇಳಿಕೊಡೋದು ನನ್ನ ಕೆಲಸ. ಇದರಾಗ ನಗಿ ಎಲ್ಲಿಂದ ಬರಬೇಕು ಅಂತೀರಿ. ಬರ್ತದ ನೋಡ್ರಿ, ಕರಿಯದೇ ಬರ್ತದ.

ರಾಯಚೂರಾಗ ಬಸ್ ಹತ್ತಿ ಕಲ್ಮಲ ದಾಟಿದೆ ಅಂದ್ರ ನನಗ ತೂಕಡಿಕಿ. ಅರೆಗಣ್ಣಿನಾಗ ಗದ್ದಿಯೊಳಗಿನ ನೀರು, ಬಸ್ಸಿನಾಗ ಕುಂತವರ ಮೈಯೊಳಗಿನ ನೀರು ಎರಡೂ ಕೂಡಿ ಮೆಲ್ಲಕ ಹರಿಯಾಕತ್ತಂಗ ಕಾಣ್ತದ. ಒಂದಿನ ಆ ಮಂಪರಿನಾಗೇ ಬಾಜೂಕ ಕುಂತಾಕಿಗೆ, "ಉಸಿರು ಎಳಕೋರಿ, ಹಿಮ್ಮಡಿ ಎತ್ತರಿ" ಅಂದಿದ್ದೆನಂತ. ಮಾನ್ವಿ ಬಂದಾಗ ಎಚ್ಚರಾತು. ಆಕಿ ಇನ್ನೂ ಹಿಮ್ಮಡಿ ಎತ್ತಿಕೊಂಡೇ ಕುಂತಿದ್ದಳು. "ಇನ್ನರ ಇಳಿಸಲೇನ್ರಿ ಅಕ್ಕಾ?" ಅಂದಳು.

ಇಟ್ಟಂಗಿ

ಕುರ್ಡಿಯೊಳಗ ಒಬ್ಬ ಅಮ್ಮ. ಬಲಗಾಲು ಆನಿಕಾಲು. ಎರಡು ವರ್ಷದಿಂದ ಅಂಗಳ ದಾಟಿಲ್ಲ. ಮಗಳನ್ನ ದೇವದುರ್ಗಕ್ಕ ಕೊಟ್ಟಾರ, ಇನ್ನ ಮೂರು ತಿಂಗಳಿಗೆ ಆಕಿ ಕುಬಸ. ಹಸಿರು ಸೀರಿ ತಗೊಂಡು ಬಸುರಿ ಮಗಳ ಮನಿಗೆ ತಾಯಿ ಹೋಗಲಿಕ್ಕೇ ಬೇಕು. "ಬೀಗರ ಮುಂದ ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು ಹ್ಯಾಂಗ ಹೋಗ್ಲಿ ಯವ್ವಾ?" ಅಂದಳು.

ಮಲಗಿದಾಗ ಕಾಲು ಎತ್ತರ ಇದ್ರ ನೀರು ಇಳಿತದ ಅಂತ ಹೇಳಿ, ಮಂಚದ ಗ್ವಾಡಿ ಕಡಿ ಕಾಲಿಗೆ ಎರಡೆರಡು ಇಟ್ಟಂಗಿ ಇಟ್ಟು, ಅಮ್ಮನ ಪಾದ ಆ ಕಡಿ ಮಾಡಿ ಮಲಗಿಸಿ ಬಂದೆ. ವಾರ ಬಿಟ್ಟು ಹೋದ್ರ ಕಾಲು ಮತ್ತಷ್ಟು ಬಾತದ. ಇಟ್ಟಂಗಿ ಇಟ್ಟಲ್ಲೇ ಅವ, ಅಮ್ಮನ ತಲಿ ಮಾತ್ರ ಇಟ್ಟಂಗಿ ಮ್ಯಾಲ ಬಂದದ.

"ತಿರುಗಿಸಿ ಮಲಗಿಸಿದವರು ಯಾರ್ರೀ?"

"ನಾನೇ" ಅಂದಳು ಅಮ್ಮನ ಅತ್ತಿ. "ಅದು ದಕ್ಷಿಣ ಗ್ವಾಡಿ. ಬಾವು ಇಳಿಲಿ ಅಂತ ಸೊಸಿನ್ನ ಯಮನ ಕಡಿ ದೂಡ್ಲೇನು?"

ಇಟ್ಟಂಗಿನೇ ಉತ್ತರಕ್ಕ ತಂದೆ.

ಗೇಟು

ಅಮ್ಮನ ಗಂಡ ಕಾಲುವಿ ಗೇಟು ಕಾಯೋ ನೌಕರಿ ಮಾಡಿ ರಿಟೈರ್ ಆದವರು. ದಿನಾ ಕಾಲು ನೀವಬೇಕು, ನೀವು ಕಲೀರಿ ಅಂದೆ.

"ಹೆಂಡತಿ ಕಾಲು ನಾ ಹಿಡಿಲ್ಯಾ? ಮೂರೂರಿಗೆ ಸುದ್ದಿ ಆಗ್ತದ."

ಹೋಗ್ಲಿ ಅಂತ ಮೈಯೊಳಗಿನ ನೀರಿನ ಕತಿ ಹೇಳಿದೆ. ರಕ್ತದಿಂದ ಸೋರಿ ಉಳಿದ ನೀರಿಗೆ ಬ್ಯಾರೆ ಸಣ್ಣ ಸಣ್ಣ ನಾಳ ಅವ. ಪಾದದಿಂದ ಹತ್ತಿ ಹತ್ತಿ, ಗಂಟಲ ಕೆಳಗಿನ ಎಲುಬಿನ ಹಿಂದ ಮತ್ತ ರಕ್ತಕ್ಕ ಸೇರ್ತದ.

"ಪಂಪು ಎಲ್ಲದ?"

"ಪಂಪಿಲ್ಲ. ನಡದ್ರ, ಉಸಿರಾಡಿದ್ರ ಮ್ಯಾಲ ಹೋಗ್ತದ. ಹಿಂದ ಬರದಂಗ ನಾಳದಾಗ ಗೇಟು ಅವ."

ಮುದುಕರು ಭಾಳ ಹೊತ್ತು ಹೆಂಡತಿ ಕಾಲನ್ನೇ ನೋಡಿಕೋತ ಕುಂತರು. ಹೊರಗ ಕಾಲುವಿ ನೀರಿನ ಸಪ್ಪಳ. ನನಗ ಜೊಂಪು ಹತ್ತಿತ್ತು.

"ಮೊದಲು ಪಾದ ನೀವೋದೇನು?" ಅಂದರು ಕಡಿಗೆ.

"ಅಲ್ಲ, ಮೊದಲು ಕುತ್ತಿಗಿ, ತೊಡಿ ಸಂದು. ಪಾದ ಕಡೀಕ."

"ಅದಾ ಮತ್ತ. ನೀರು ಹೋಗೋ ಬಾಯಿ ಮೊದಲು ಬಿಡಿಸಬೇಕು. ನಮ್ಮ ಸಾಹೇಬ್ರಿಗೆ ಇಷ್ಟು ಹೇಳಿ ಹೇಳಿ ರಿಟೈರ್ ಆದೆ, ತಿಳಿಲೇ ಇಲ್ಲ."

ಡ್ಯೂಟಿ

ಮುಂದಿನ ವಾರ ಹೋದ್ರ ಬಾಗಲಾ ಹಾಕಿತ್ತು. ಕಿಟಕಿಯೊಳಗಿಂದ ನೋಡಿದೆ. ಮುದುಕರು ಹಳೀ ಖಾಕಿ ಅಂಗಿ ತೊಟ್ಟು, ಗುಂಡಿ ಎಲ್ಲಾ ಹಾಕ್ಕೊಂಡು, ಹೆಂಡತಿ ಕಾಲು ನೀವಾಕತ್ತಿದ್ರು. ಅಮ್ಮ ಕಣ್ಣು ಮುಚ್ಚಿ ಕನಸಿನಾಗ ಇದ್ದಂಗಿದ್ದಳು.

"ಇದೇನ್ರೀ ಯಪ್ಪಾ, ಖಾಕಿ ಯಾಕ?"

"ಧೋತರದಾಗ ನಾ ಈಕಿ ಗಂಡ. ಖಾಕಿಯೊಳಗ ಇದು ಸರಕಾರಿ ಕೆಲಸ" ಅಂದರು. ಅಮ್ಮ ಕಣ್ಣು ತೆರಿಲಾರದೇ ಅಂದಳು, "ಹಂಗಾದ್ರ ಐತವಾರ ರಜಾ ಹಾಕಬ್ಯಾಡ್ರಿ."

ಕುಬಸ

ಆನಿಕಾಲು ಪೂರಾ ಹೋಗಂಗಿಲ್ಲ. ಆದ್ರೂ ಮೂರು ತಿಂಗಳಿಗೆ ಬಾವು ಇಳಿದು, ಪಟ್ಟಿ ಸಡಿಲು ಮಾಡಿದ ಚಪ್ಪಲಿ ಬಲಗಾಲಿಗೆ ಹತ್ತಿತು. ದೇವದುರ್ಗಕ್ಕ ನನ್ನನ್ನೂ ಕರಕೊಂಡು ಹೋದ್ರು. ಬೀಗರ ಬಾಗಲದಾಗ ಅಮ್ಮ ಎರಡೂ ಚಪ್ಪಲಿ ಬಿಟ್ಟು, ಜೋಡಿಸಿ ಇಟ್ಟು, ಒಂದು ಗಳಿಗಿ ಅವನ್ನೇ ನೋಡಿಕೋತ ನಿಂತಳು.

ಮಗಳಿಗೆ ಹಸಿರು ಸೀರಿ ಉಡಿಸಿ, ಆರತಿ ಆತು. ಊಟ ಆದ ಮ್ಯಾಲ ಬೀಗತಿ, ಅಂದ್ರ ಮಗಳ ಅತ್ತಿ, ನಮ್ಮಿಬ್ಬರನ್ನ ಒಳಗಿನ ಕೋಣಿಗೆ ಕರದು ಬಾಗಲಾ ಮುಂದ ಮಾಡಿದಳು. ಬರಿಗಾಲು ಕಂಡು ನಕ್ಕಾಳು ಅಂತ ಅಮ್ಮ ಅಂಜಿದ್ದು ಇದೇ ಬೀಗತಿಗೆ. ಆಕಿ ಮೆಲ್ಲಕ ಸೀರಿ ನಿರಿಗಿ ಎತ್ತಿದಳು. ಎಡಗಾಲು ಕಂಬ ಆಗಿತ್ತು. ನೆಲ ಮುಟ್ಟೋ ಸೀರಿಯೊಳಗ ಎಷ್ಟೋ ವರ್ಷ ಮುಚ್ಚಿಕೊಂಡು ಬಂದಾಳ.

"ನಿಮ್ಮದು ಇಳಿದದ ಅಂತ ಸುದ್ದಿ ಬಂತು. ಏನು ಔಷಧ ಮಾಡಿದ್ರಿ, ನನಗೂ ಹೇಳ್ರಿ" ಅಂದಳು.

ನಾ ಬಾಯಿ ತೆಗಿಯೋದ್ರಾಗ ಅಮ್ಮ ಆಕಿ ಕೈ ಹಿಡಿದು, ಪಡಸಾಲಿಯೊಳಗ ಎಲಿ ಅಡಕಿ ಹಾಕ್ಕೋತ ಕುಂತಿದ್ದ ಬೀಗರನ್ನ ಬಾಗಲ ಸಂದಿಯಿಂದ ಮ್ಯಾಲಿಂದ ಕೆಳಗಿನ ತನಕ ಅಳದು ನೋಡಿ ಅಂದಳು:

"ಔಷಧ ಆಮ್ಯಾಲ ಅವ್ವಾ. ಮೊದಲು ನಿಮ್ಮ ಯಜಮಾನ್ರಿಗೆ ಒಂದು ಖಾಕಿ ಅಂಗಿ ಹೊಲಸ್ರಿ."