ಯಮುನಾಬಾಯಿಯವರ ಕಾರಿಗೆ ಕ್ಲಚ್ ಮಂಜೂರಾದ ವೃತ್ತಾಂತ

ಮಲ್ಕಾಜ್‌ಗಿರಿಯ ನಮ್ಮ ಮನೆಯ ಕಾರಿನ ಶಕ್ತಿಯು ಯಾವುದೇ ಪೂರ್ವಾನುಮತಿ ಇಲ್ಲದೆ ದುಪ್ಪಟ್ಟಾಗಿರುವ ಸಂಗತಿಯು ಕುಟುಂಬದ ಗಮನಕ್ಕೆ ಬಂದದ್ದು ಶಂಶಾಬಾದಿನ ಹೊಸ ವಿಮಾನ ನಿಲ್ದಾಣ ಶುರುವಾದ ಮರುವರ್ಷ. ಗಮನಕ್ಕೆ ತಂದವನು ನಾನು, ಅಂದರೆ ದತ್ತಾತ್ರೇಯ, ಸಚಿವಾಲಯದ ಹಣಕಾಸು ಶಾಖೆಯಿಂದ ನಿವೃತ್ತನಾದವನು. ವಿಮಾನದಲ್ಲಿ ಬರುವ ಬೀಗರನ್ನು ಕರೆತರಲು ಅಣ್ಣನ ಮಗಳು ಮಂದಾಕಿನಿಯ ಪಕ್ಕದಲ್ಲಿ ಕೂತು ಹೊರಟಿದ್ದೆ. ಹೈವೇ ಹತ್ತಿದ್ದೇ ತಡ, ಹುಡುಗಿ ಕಾಲು ಊರಿದಳು. ನನ್ನ ತಲೆ ಹಿಂದಕ್ಕೆ ಹೋಗಿ ಸೀಟಿಗೆ ಬಡಿಯಿತು, ಬಾಯಲ್ಲಿದ್ದ ಎಲೆ ಅಡಿಕೆ ಅಗಿಯುವ ಮೊದಲೇ ಗಂಟಲಿಗೆ ಇಳಿಯಿತು. ಮರುಕ್ಷಣ ಎಂಜಿನ್ ಹೋ ಎಂದು ಅರಚಿತು, ಕಾರು ಮಾತ್ರ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ ಬಂತು.

"ಏನಾತ ಮಂದಾ?"

"ಕ್ಲಚ್ ಜಾರ್ಲಿಕತ್ತದ ಕಾಕಾ. ಎಂಜಿನ್ ಜೋರ್ ಭಾಳ ಆಗೇದ, ಹಳೇ ಕ್ಲಚ್ಚಿಗೆ ಅದನ್ನ ಹಿಡಿಲಿಕ್ಕೆ ಆಗವಲ್ದು. ಮುಂದ ಎಷ್ಟ ಶಕ್ತಿ ಹುಟ್ಟಿದ್ರೂ ಗಾಲಿಗೆ ಮುಟ್ಟೂದಿಲ್ಲ."

ಹಣಕಾಸು ಶಾಖೆಯಲ್ಲಿ ಆಯುಷ್ಯ ಸವೆಸಿದವನಿಗೆ ಈ ಸ್ಥಿತಿ ಹೊಸದೇನಲ್ಲ. ಆದರೆ ಅದಕ್ಕೂ ಒಂದು ರಿಪೇರಿ ಇರುತ್ತದೆ ಎಂದು ಕೇಳಿದ್ದು ಮಾತ್ರ ಅದೇ ಮೊದಲು.

ಮಂದಾಕಿನಿ ನಾಚಾರಂನಲ್ಲಿ ಗೇರ್ ತಯಾರಿಸುವ ಕಾರ್ಖಾನೆಯೊಂದರ ಎಂಜಿನಿಯರು. ಯಾರೋ ಬಿಟ್ಟುಹೋದ ಜಪಾನಿ ಸ್ಪೋರ್ಟ್ಸ್ ಕಾರೊಂದನ್ನು ತಂದು, ಎಂಜಿನ್ನಿನ ಜೋರು ಏರಿಸುವ ಟರ್ಬೊ ಕೂಡಿಸಿ, ಎಂಜಿನ್ ಬಿಚ್ಚಿ ಮತ್ತೆ ಕಟ್ಟಿ, ನಮ್ಮ ಹಿತ್ತಲಲ್ಲೇ ಅದನ್ನು ಹುಲಿ ಮಾಡಿ ಕೂಡಿಸಿದ್ದಳು. ನಾವು ಅವಳು ಕಾರು ತೊಳೆಯುತ್ತಿದ್ದಾಳೆ ಎಂದೇ ತಿಳಿದಿದ್ದೆವು. ಸಂಕ್ರಾಂತಿ ಮುಗಿದ ರವಿವಾರ ಊರ ಹೊರಗಿನ, ಈಗ ವಿಮಾನ ಇಳಿಯದ ಹಳೆಯ ಏರ್‌ಸ್ಟ್ರಿಪ್ಪಿನಲ್ಲಿ ಕಾರುಗಳ ಓಟ. ಕೊಯಮತ್ತೂರಿನ ಒಂದು ರೇಸಿಂಗ್ ತಂಡದ ಮುಖ್ಯಸ್ಥರು ಬಂದು ನೋಡುವವರಿದ್ದರು. ಕಾರು ನೆಟ್ಟಗೆ ಓಡಿದರೆ ಅವಳಿಗೆ ಅವರ ಎಂಜಿನ್ ವಿಭಾಗದಲ್ಲಿ ಕೆಲಸ. ಹುಡುಗಿ ಅದಕ್ಕಾಗಿ ಜೀವ ಹಿಡಿದುಕೊಂಡಿದ್ದಳು. ಯಾವ ಕ್ಲಚ್ ಬೇಕು ಎಂಬುದನ್ನು ತಾನೇ ಆರಿಸಿಯೂ ಬಿಟ್ಟಿದ್ದಳು.

ತಪ್ಪಾಗಿದ್ದು ಅಲ್ಲೇ. ನಮ್ಮ ಮನೆಯಲ್ಲಿ ಒಬ್ಬರೇ ಆರಿಸಿದ ವಸ್ತು ಹೊಸ್ತಿಲು ದಾಟುವುದಿಲ್ಲ. ಕುಕ್ಕರು, ಕೊಡೆ, ಅಳಿಯ, ಎಲ್ಲವೂ ಕುಟುಂಬ ಖರೀದಿ ಸಮಿತಿಯ ಮೂಲಕವೇ ಬರತಕ್ಕದ್ದು. ಅಧ್ಯಕ್ಷರು ನನ್ನ ಅಣ್ಣ ಪ್ರಹ್ಲಾದರಾಯರು, ನೀರಾವರಿ ಇಲಾಖೆಯಿಂದ ನಿವೃತ್ತರು, ಮಂದಾಕಿನಿಯ ತಂದೆ. ತಾಂತ್ರಿಕ ಸದಸ್ಯ ನನ್ನ ತಮ್ಮ ಹನುಮಂತ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತ. ಕಾರ್ಯದರ್ಶಿ ನಾನು. ನಗಬ್ಯಾಡ್ರಿ. ಮೂರು ತಲೆಮಾರು ಸರಕಾರದ ಅನ್ನ ತಿಂದ ಮನೆ, ಪದ್ಧತಿ ಬಿಟ್ಟು ಬದುಕು ಅಂದರೆ ಹೇಗೆ ಬದುಕುವುದು?

ಇನ್ನೊಂದು ಪದ್ಧತಿಯನ್ನೂ ಇಲ್ಲಿ ನಮೂದಿಸಬೇಕು. ನಮ್ಮ ಮನೆಯ ವಾಹನಗಳೆಲ್ಲ ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿರುತ್ತವೆ. ಸರಕಾರಿ ನೌಕರ ಸ್ಕೂಟರು ಕೊಂಡರೂ ಇಲಾಖೆಗೆ ತಿಳಿಸಿ, ಎಲ್ಲಿಂದ ಬಂತು ಹೇಗೆ ಬಂತು ಎಂದು ವಿವರಣೆ ಕೊಡಬೇಕಲ್ಲ, ಆ ಉಪದ್ವ್ಯಾಪ ಬೇಡವೆಂದು ನಮ್ಮ ತಂದೆಯವರು ಮಾಡಿದ ಏರ್ಪಾಡು. ಈಗ ನಾವೆಲ್ಲ ನಿವೃತ್ತರು, ಕೇಳುವವರು ಯಾರೂ ಇಲ್ಲ. ಏರ್ಪಾಡು ಮಾತ್ರ ಸೇವೆಯಲ್ಲಿದೆ. ಹೀಗಾಗಿ ಆ ಸ್ಪೋರ್ಟ್ಸ್ ಕಾರಿನ ಅಧಿಕೃತ ಮಾಲಕರು ನಮ್ಮ ತಾಯಿ ಯಮುನಾಬಾಯಿಯವರು, ಎಂಬತ್ತು ದಾಟಿದವರು, ಮೊಣಕಾಲಿಗೆ ದಿನಾ ಎಣ್ಣೆ ತಿಕ್ಕಿಸಿಕೊಳ್ಳುವವರು.

ಸಮಿತಿಯ ಮೊದಲ ಸಭೆ ಪಡಸಾಲೆಯಲ್ಲಿ ಸೇರಿತು. ಮಂದಾಕಿನಿ ಪಾಪ ಬಹಳ ಸಮಾಧಾನದಿಂದಲೇ ವಿವರಿಸಿದಳು.

"ಒಂದನೇದು ಮಾಮೂಲಿ ಥರದ್ದ, ಸ್ಪ್ರಿಂಗ್ ಅಷ್ಟ ಬಿಗಿ. ಮೆತ್ತಗ ಹಿಡೀತದ, ಆದ್ರ ನಮ್ಮ ಎಂಜಿನ್ನಿಗೆ ಸಾಲೂದಿಲ್ಲ. ಎರಡನೇದು ಸೆರಾಮಿಕ್. ಹಿಡೀತಂದ್ರ ಹಿಡೀತು, ಆದ್ರ ಸಿಗ್ನಲ್‌ದಾಗ ಕಾರು ಕಪ್ಪಿ ಹಂಗ ಜಿಗೀತದ. ಮೂರನೇದು ಎರಡು ಪ್ಲೇಟಿಂದು. ಪೂರಾ ಶಕ್ತಿ ತಡಕೋತದ, ಪೆಡಲೂ ಹಗುರ. ನಿಂತಾಗ ಒಂದೀಟು ಗಡಗಡ ಅಂತದ, ಅಷ್ಟ. ನನಗ ಅದು ಬೇಕು."

ಅಣ್ಣ ಕನ್ನಡಕ ತೆಗೆದು ಒರೆಸಿದರು. "ಕೇಳಿದ್ದು ಒಂದು ಕ್ಲಚ್ಚು. ತರೂದು ಎರಡು ಪ್ಲೇಟು. ಆಡಿಟ್‌ನವರಿಗೆ ಏನ್ ಹೇಳೂದು?"

"ಯಾವ ಆಡಿಟ್ ಅಪ್ಪಾ? ಇದು ಮನಿ!"

"ಮನಿ ಅಂತ ಆಡಿಟ್ ಬಿಡ್ಲಿಕ್ಕೆ ಬರ್ತದೇನು?"

ಹನುಮಂತ ತನ್ನ ತಾಂತ್ರಿಕ ಪ್ರಶ್ನೆ ಎತ್ತಿದ. "ತೂಕ ಎಷ್ಟವ್ವಾ?"

"ಕ್ಲಚ್ಚು ಹಗುರ ಇದ್ದಷ್ಟು ಛಲೋ ಕಾಕಾ. ಎಂಜಿನ್ ಲಗೂನ ಏರ್ತದ."

ಹನುಮಂತನಿಗೆ ಅದು ಮನಸ್ಸಿಗೇ ಹತ್ತಿತು. "ನಮ್ಮ ವರ್ಕ್‌ಶಾಪಿನ್ಯಾಗ ಒಬ್ಬನೇ ಎತ್ತೂವಂಥ ಸಾಮಾನಿಗೆ ನಾವು ಸಾಮಾನು ಅಂತಿದ್ದಿಲ್ಲ," ಎಂದು ಮುಖ ತಿರುಗಿಸಿ ಕೂತ.

ಆಗ ನಾನು ಒಂದು ಮೂಲಭೂತ ಅಂಶವನ್ನು ಸಭೆಯ ಮುಂದಿಟ್ಟೆ. ವಾಹನದ ಮಾಲಕರ ಎಡಗಾಲಿಗೆ ಒಗ್ಗದ ಕ್ಲಚ್ಚನ್ನು ಖರೀದಿಸುವುದು ಸಾಧ್ಯವೇ? ಅಣ್ಣ ಕೂಡಲೇ ಸಭೆಯನ್ನು ಮರುದಿನಕ್ಕೆ ಮುಂದೂಡಿದರು. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಸಚಿವಾಲಯದಲ್ಲಿ ಇಂಥ ಒಂದು ಪ್ರಶ್ನೆಯಿಂದ ನಾನು ಇಡೀ ಸೇತುವೆಯನ್ನೇ ನಿಲ್ಲಿಸಿದ್ದುಂಟು.

ಮರುದಿನ ಮಾಲಕರ ಕಾಲಿನ ಪರೀಕ್ಷೆ ನಡೆಯಿತು. ಅವ್ವನನ್ನು ಇಬ್ಬರು ಹಿಡಿದು ತಗ್ಗಿನ ಸೀಟಿನಲ್ಲಿ ಇಳಿಸಿದೆವು. ಆಕೆ ಮೊದಲು ಹಾರ್ನ್ ಎಲ್ಲಿದೆ ಎಂದು ಕೇಳಿ, ಮನಸಾರೆ ಬಾರಿಸಿ, ಆಮೇಲೆ ಮೊಮ್ಮಗಳತ್ತ ತಿರುಗಿದಳು.

"ಇದನ್ನ ಒತ್ತಿದ್ರ ಕಾರು ಹೋಗ್ತದೇನು, ಬಿಟ್ರ ಹೋಗ್ತದೇನು?"

"ಬಿಟ್ರ ಹೋಗ್ತದ ಅಜ್ಜಿ."

"ಹಂಗಾದ್ರ ನಾ ಯಾಕ ಒತ್ತಲಿ? ಬಿಟ್ಟಽ ಇಡ್ತೀನಿ."

ಸಮಿತಿಯು ಕೆಳಕಂಡಂತೆ ನಿರ್ಣಯಿಸಿತು: "ಮಾಲಕರ ಅಭಿಪ್ರಾಯದಂತೆ ಕ್ಲಚ್ಚಿನ ಅವಶ್ಯಕತೆಯೇ ಕಂಡುಬರುವುದಿಲ್ಲ. ಆದಾಗ್ಯೂ ಯುವಜನರ ಉತ್ಸಾಹವನ್ನು ಗಮನದಲ್ಲಿಟ್ಟು, ಹಳೆಯ ಕ್ಲಚ್ಚಿಗಿಂತ ಪೆಡಲ್ ಹೆಚ್ಚು ಗಟ್ಟಿಯೂ ಕಡಿಮೆ ಮೆತ್ತಗೂ ಆಗದಂಥ ಕ್ಲಚ್ಚೊಂದನ್ನು ಪರಿಗಣಿಸಬಹುದು." ಮಂದಾಕಿನಿ ಇದನ್ನು ಕೇಳಿ ಹಣೆ ಒತ್ತಿಕೊಂಡಳು. ಸಂಕ್ರಾಂತಿ ಹತ್ತಿರ ಬರುತ್ತಿತ್ತು.

ಇಷ್ಟಾದ ಮಾತ್ರಕ್ಕೆ ಕೊಳ್ಳಲು ಬರುವುದಿಲ್ಲ. ಹಳೆಯದು ನಿರುಪಯೋಗಿ ಎಂದು ಘೋಷಣೆಯಾಗಿ, ಬಹಿರಂಗ ಹರಾಜಿನಲ್ಲಿ ವಿಲೇವಾರಿ ಆಗುವ ತನಕ ಹೊಸದು ಬರತಕ್ಕದ್ದಲ್ಲ. ನಮ್ಮ ಮಿಕ್ಸರ್ ಕೆಟ್ಟಾಗಲೂ ಹೀಗೇ ಆಯಿತು. ಹಳೇ ಮಿಕ್ಸರ್ ಇನ್ನೂ ಸಪ್ಪಳ ಮಾಡುತ್ತಿದ್ದುದರಿಂದ ಅದನ್ನು ನಿರುಪಯೋಗಿ ಎನ್ನಲು ಬರಲಿಲ್ಲ, ನನ್ನ ಹೆಂಡತಿ ಸುಹಾಸಿನಿ ಮಳೆಗಾಲ ಪೂರ್ತಿ ಚಟ್ನಿಯನ್ನು ಒರಳಿನಲ್ಲಿ ರುಬ್ಬಿದಳು. ಆ ಚಟ್ನಿಯ ರುಚಿ ನೆನೆದರೆ ಪದ್ಧತಿಯ ಮೇಲೆ ಗೌರವ ಹೆಚ್ಚುತ್ತದೆ. ಸುಹಾಸಿನಿಯ ಅಭಿಪ್ರಾಯ ಬೇರೆ ಇದೆ.

ಮಂದಾಕಿನಿ ಕಾರನ್ನು ಮೇಲೆತ್ತಿ ನಿಲ್ಲಿಸಿ, ಅಡಿಯಲ್ಲಿ ಮಲಗಿ, ಕ್ಲಚ್ಚನ್ನು ಬಿಚ್ಚಿ ತಂದು ಪಡಸಾಲೆಯಲ್ಲಿ ಪೇಪರಿನ ಮೇಲಿಟ್ಟಳು. ಸುಟ್ಟು ಕರ್ರಗಾಗಿತ್ತು. ಹನುಮಂತ ಅದಕ್ಕೆ ಸುತ್ತಿಗೆಯಿಂದ ಹೊಡೆದು ನೋಡಿದ. ಒಡೆಯಲಿಲ್ಲ. "ಇನ್ನೂ ಜೀವ ಅದ," ಎಂದ. ಕೊನೆಗೆ ಬಹಳ ಚರ್ಚೆಯಾಗಿ "ಭಾಗಶಃ ನಿರುಪಯೋಗಿ" ಎಂಬಲ್ಲಿಗೆ ಒಪ್ಪಂದವಾಯಿತು. ಗೇಟಿಗೆ ಪ್ರಕಟಣೆ ಅಂಟಿಸಿದೆವು: "ಒಂದು ಕ್ಲಚ್, ಇದ್ದಲ್ಲಿ ಇದ್ದ ಹಾಗೆ. ಹರಾಜು ಕೂಗುವವರು ಚಪ್ಪಲಿ ಹೊರಗೆ ಬಿಡತಕ್ಕದ್ದು."

ಬಂದವರು ಒಬ್ಬರೇ. ವೈಜನಾಥ, ಮೂಲ ಬೀದರ ಕಡೆಯವರು, ನಾಚಾರಂನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವರು, ಅಣ್ಣನ ಜೊತೆ ಇಸ್ಪೀಟು ಆಡುವವರು. ಒಂದು ಚಹಾದ ಬೆಲೆಗೆ ಕೂಗಿದರು, ಕ್ಲಚ್ಚನ್ನು ಕಂಕುಳಲ್ಲಿ ಇಟ್ಟುಕೊಂಡರು, ಚಹಾವನ್ನೂ ನಮ್ಮ ಮನೆಯಲ್ಲೇ ಕುಡಿದು ಹೋದರು.

ನಂತರ ಟೆಂಡರು. ಮಂದಾಕಿನಿ ಹೇಳಿದ ಎರಡು ಪ್ಲೇಟಿನ ಕ್ಲಚ್ಚಿನ ವ್ಯಾಪಾರಿ ಒಬ್ಬ, ವೈಜನಾಥ ಇನ್ನೊಬ್ಬ. ಕಡಿಮೆ ಬೆಲೆಯವರು ವೈಜನಾಥರೇ. ಅವರು ತಂದ ಕ್ಲಚ್ಚು ಕೆಂಪು ಬಣ್ಣ ಬಳಿದುಕೊಂಡು ಮಿರಿಮಿರಿ ಮಿಂಚುತ್ತಿತ್ತು. ಹನುಮಂತ ತಕ್ಕಡಿ ತರಿಸಿ ತೂಗಿದ. ಹಳೆಯದು ಎಷ್ಟಿತ್ತೋ ಅಷ್ಟೇ, ಬಣ್ಣದ್ದೊಂದು ಚೂರು ಹೆಚ್ಚು. "ಏನ್ ತಯಾರಿಕೆ ಇದು!" ಎಂದು ಅವನು ಉದ್ಗರಿಸಿದ.

ಮಂದಾಕಿನಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಅಂಚಿನಲ್ಲಿ ತಾನು ಹಿಂದೆಂದೋ ಹೊಡೆದಿದ್ದ ಗುರುತು ಕಂಡಿತು.

"ಅಪ್ಪಾ, ಇದು ನಮ್ಮದಽ ಕ್ಲಚ್! ಬಣ್ಣ ಬಳದು ತಂದಾರ!"

ವೈಜನಾಥ ಚೂರೂ ಅಳುಕಲಿಲ್ಲ. "ಹೌದವ್ವಾ, ಅದರಾಗ ಮುಚ್ಚಿಡೂದು ಏನೈತಿ? ನಿಮ್ಮ ಗಾಡಿಗೆ ಇಷ್ಟು ಬರೋಬರಿ ಕೂಡೂವಂಥದ್ದು ಈ ಹೈದರಾಬಾದಿನ್ಯಾಗ ಇನ್ನೊಂದು ಐತೇನು? ಮ್ಯಾಲೆ ನಾ ಗ್ಯಾರಂಟಿ ಬ್ಯಾರೆ ಕೊಡಾಕತ್ತೀನಿ."

ಸಮಿತಿಯು ಈ ಆಕ್ಷೇಪಣೆಯನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ತಡೆಯುವಂಥ ನಿಯಮ ಯಾವುದೂ ಸಿಗಲಿಲ್ಲ. ಆದ್ದರಿಂದ ಒಂದು ನಿಯಮ ಮಾಡಿದೆವು: "ಹರಾಜಿನ ಮೂಲಕ ಹೊರಹೋದ ವಸ್ತುವು ಟೆಂಡರಿನ ಮೂಲಕ ಒಳಬಂದಲ್ಲಿ, ಅದನ್ನು ಎಲ್ಲ ಉದ್ದೇಶಗಳಿಗೂ ಹೊಸದೆಂದೇ ಪರಿಗಣಿಸತಕ್ಕದ್ದು." ಮಾಲಕರ ಎಡಗಾಲಿನ ಷರತ್ತೂ ಪೂರೈಸಿತ್ತು.

"ನನ್ನ ಪಗಾರದಾಗ ನಾನಽ ಬ್ಯಾರೆ ತರ್ತೀನಿ ಅಪ್ಪಾ," ಎಂದಳು ಮಂದಾಕಿನಿ.

"ನೀ ತಂದ್ರ ಅದು ದಾನ ಆಗ್ತದ," ಎಂದರು ಅಣ್ಣ, ಪ್ರೀತಿಯಿಂದಲೇ. "ದಾನ ತಗೋಳಿಕ್ಕೆ ಬ್ಯಾರೆ ಸಮಿತಿ ಬೇಕು."

ಅವಳು ಕೆಂಪು ಕ್ಲಚ್ಚನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ನಾನು ಹಿತ್ತಲ ಬಾಗಿಲ ತನಕ ಅವಳ ಹಿಂದೆ ಹೋದೆ. ನಾನೇನು ಕಲ್ಲಲ್ಲ, ನನ್ನ ಹೆಗಲ ಮೇಲೆ ಆಡಿ ಬೆಳೆದ ಕೂಸು ಅದು. ಆದರೆ ನಿರ್ಣಯಕ್ಕೆ ಸಹಿ ಬಿದ್ದಾಗಿತ್ತು, ಏನ್ ಮಾಡ್ಲಿಕ್ಕೆ ಬರ್ತದ?

ಓಟದ ದಿನ ಇಡೀ ಕುಟುಂಬ ಏರ್‌ಸ್ಟ್ರಿಪ್ಪಿಗೆ ಹೋಯಿತು, ಚಿತ್ರಾನ್ನ ಮೊಸರನ್ನದ ಡಬ್ಬಿಗಳ ಸಮೇತ. ಮಂದಾಕಿನಿಯ ಪಕ್ಕದಲ್ಲಿ ಒಂದು ನೀಲಿ ಕಾರು ನಿಂತಿತ್ತು. ಹಸಿರು ದೀಪ ಬಿತ್ತು. ನಮ್ಮ ಕಾರಿನ ಎಂಜಿನ್ ಕೂಗಿದ ಕೂಗಿಗೆ ಹನುಮಂತನ ಕೈಯಲ್ಲಿದ್ದ ಉಪ್ಪಿನಕಾಯಿ ನೆಲಕ್ಕೆ ಬಿತ್ತು. ಎದೆ ನಡುಗಿಸುವ ಸಪ್ಪಳ! ಆ ಸಪ್ಪಳದೊಂದಿಗೆ ಕಾರು ಮದುವೆ ಮೆರವಣಿಗೆಯ ವೇಗದಲ್ಲಿ ಮುಂದೆ ಸಾಗಿತು. ಅತ್ತ ನೀಲಿ ಕಾರಿನವನು ಗುರಿ ಮುಟ್ಟಿ, ಇಳಿದು, ನೀರು ಕುಡಿಯುತ್ತಿದ್ದ.

"ಸಪ್ಪಳ ಮಾತ್ರ ನಮ್ಮದಽ ಜೋರು," ಎಂದಳು ಅವ್ವ, ಮಾಲಕರ ಗತ್ತಿನಲ್ಲಿ. ನಾವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಮಂದಾಕಿನಿ ವಾಪಸು ಬಂದು, ಇಳಿಯದೆ, ಸ್ಟೀರಿಂಗ್ ಮೇಲೆ ಹಣೆ ಇಟ್ಟು ಕೂತಿದ್ದಳು. ನನ್ನ ಚಪ್ಪಾಳೆ ಅಲ್ಲಿಗೇ ನಿಂತಿತು.

ಕೊಯಮತ್ತೂರಿನ ಮುಖ್ಯಸ್ಥರು ನಡೆದು ಬಂದರು, ಬಿಳಿ ಟೋಪಿ ಹಾಕಿದ್ದ ಗಂಭೀರ ಮನುಷ್ಯ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕೇಳಿದರು.

"ಎಂಜಿನ್ ಕಟ್ಟಿದವರು ಯಾರು?"

"ನಾನು."

"ಕ್ಲಚ್ ಆರಿಸಿದವರು?"

ಅವಳು ತಲೆ ಎತ್ತದೆ ನಮ್ಮತ್ತ ಬೆರಳು ಮಾಡಿದಳು. ನಾವು ಮೂವರು ಡಬ್ಬಿ ಹಿಡಿದುಕೊಂಡೇ ನೆಟ್ಟಗೆ ನಿಂತೆವು. ಅವರು ನಮ್ಮನ್ನು ಬಹಳ ಹೊತ್ತು ನೋಡಿದರು. ಅದು ಗೌರವವೆಂದೇ ನನ್ನ ತಿಳುವಳಿಕೆ.

"ಇಂಥ ಎಂಜಿನ್ನನ್ನು ನಾನು ಈ ವರ್ಷ ಕೇಳಿಲ್ಲ. ನೀವು ನಮ್ಮಲ್ಲಿಗೆ ಬರಬೇಕು," ಎಂದರು ಅವಳಿಗೆ. ಮಂದಾಕಿನಿಯ ಮುಖ ಅರಳಿತು. "ಒಂದೇ ತೊಡಕು. ಆ ಕುರ್ಚಿಯಲ್ಲಿ ಈಗಾಗಲೇ ಒಬ್ಬ ಎಂಜಿನಿಯರ್ ಕೂತಿದ್ದಾರೆ. ಅವರು ಉಪಯೋಗಕ್ಕಿಲ್ಲ ಎಂದು ಹೊರಗಿನ ತಜ್ಞರ ಸಮಿತಿ ತೀರ್ಮಾನಿಸದೆ ನಮ್ಮ ಆಡಳಿತ ಮಂಡಳಿ ಇನ್ನೊಬ್ಬರನ್ನು ತೆಗೆದುಕೊಳ್ಳುವುದಿಲ್ಲ. ಅಂಥ ಅನುಭವಸ್ಥರೇ ನಮಗೆ ಸಿಗುತ್ತಿಲ್ಲ."

ಅಣ್ಣ ಡಬ್ಬಿಯ ಮುಚ್ಚಳ ಹಾಕಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

ಅಂದಿನಿಂದ ನಾವು ಮೂವರು ಆ ತಜ್ಞರ ಸಮಿತಿಯಾಗಿ ಕೊಯಮತ್ತೂರಿಗೆ ಹೋಗಿ ಬರುತ್ತಿದ್ದೇವೆ. ಅಲ್ಲಿನ ಎಂಜಿನಿಯರು ಒಳ್ಳೆಯ ಮನುಷ್ಯ, ನಾವು ಹೋದಾಗಲೆಲ್ಲ ತಾನೇ ಎದ್ದು ಕುರ್ಚಿ ಕೊಡುತ್ತಾರೆ. ಹನುಮಂತ ಅವರನ್ನು ಕೂಲಂಕಷವಾಗಿ ಪರಿಶೀಲಿಸಿ, ಇನ್ನೂ ಸ್ವಲ್ಪ ಜೀವ ಇದೆ ಎಂದು ವರದಿ ಕೊಟ್ಟಿದ್ದಾನೆ. ಹೋದ ಸಲ ವೈಜನಾಥ ಕೂಡ ಸ್ವಂತ ಖರ್ಚಿನಲ್ಲಿ ಜೊತೆಗೆ ಬಂದು, ಅವರನ್ನು ಮುಂದಿನಿಂದ ಹಿಂದಿನಿಂದ ನೋಡಿ, ಹರಾಜು ಯಾವಾಗ ಎಂದು ವಿಚಾರಿಸಿದರು.

ಟಿಕೆಟು ತೆಗೆಸುವವಳು, ಚೀಲ ತುಂಬುವವಳು ಮಂದಾಕಿನಿಯೇ. ಈಗ ಅವಳು ಸಿಟ್ಟು ಮಾಡುವುದಿಲ್ಲ. ನಿನ್ನೆ ಚಪಾತಿ ಕಟ್ಟುತ್ತ ಮೆಲ್ಲಗೆ ಹೇಳಿದಳು.

"ಕಾಕಾ, ಈ ಸಲ ನಡುವ ಮಂತ್ರಾಲಯದಾಗ ಇಳೀಬ್ಯಾಡ್ರಿ. ನೆಟ್ಟಗ ಹೋಗ್ರಿ."

"ಸಮಿತಿಯ ಮುಂದ ಇಟ್ಟು ನೋಡೂಣು," ಎಂದೆ.

"ಬರದು ಕೊಡ್ಲೇನು?"

"ಬರದು ಕೊಟ್ರ ಭಾಳ ಛಲೋ."

ಅವಳು ಕೈ ಒರೆಸಿಕೊಂಡು, ಪೆನ್ನು ತಂದು, ಮೂರು ಪ್ರತಿಗಳಲ್ಲಿ ಬರೆದುಕೊಟ್ಟಳು.