ಸ್ಥಾಪಕರ ಗಡ್ಡ

ಲೆಕ್ಕದ ಮೇಷ್ಟ್ರು ನಾಟಕಕ್ಕೆ ಒಪ್ಪಿಕೊಂಡದ್ದು ಭಕ್ತಿಯಿಂದೇನೂ ಅಲ್ಲ. ಚರ್ಚಿನ ಶಾಲೆಗೆ ನೂರು ವರ್ಷ ತುಂಬಿತ್ತು. ಶಾಲೆ ಕಟ್ಟಿದ ಹಳೆಯ ಫಾದರ್ ಪಾತ್ರಕ್ಕೆ ಉದ್ದನೆ ಗಡ್ಡ, ಅದಕ್ಕಿಂತ ಉದ್ದನೆ ಮಾತು. ಯಾರೂ ಮುಂದೆ ಬರಲಿಲ್ಲ.

"ನೀವು ಮಾಡಿ ಮೇಷ್ಟ್ರೇ, ನಿಮ್ಮ ಸಂಜೆ ಕ್ಲಾಸು ಬೇರೆಯವರಿಗೆ ಕೊಡ್ತೀನಿ" ಎಂದರು ಈಗಿನ ಫಾದರ್.

ಹಿಂದುಳಿದ ಮಕ್ಕಳಿಗೆ ದಿನಾ ಸಂಜೆ ಭಾಗಾಕಾರ ಹೇಳಿ ಹೇಳಿ ಮೇಷ್ಟ್ರು ಹೈರಾಣಾಗಿದ್ದರು. ಕೇಳಿದ್ದೇ ತಡ, ಒಪ್ಪಿಬಿಟ್ಟರು. "ಇನ್ಮೇಲೆ ಬೆಳಕಿರುವಾಗಲೇ ಮನೆಗೆ ಬರ್ತೀನಿ ನೋಡು" ಎಂದು ಹೆಂಡತಿಗೂ ಹೇಳಿದರು.

"ನೋಡೋಣ" ಎಂದಳು ಆಕೆ.

ನಾಟಕದ ದಿನ ಮಧ್ಯಾಹ್ನವೇ ಡ್ರಾಯಿಂಗ್ ಮೇಷ್ಟ್ರು ಗಡ್ಡ ಅಂಟಿಸಿದರು.

"ಉದುರಲ್ಲ ತಾನೆ?"

"ಲ್ಯಾಬಿನ ಬೆಂಚಿನ ಕಾಲೇ ಈ ಗೋಂದಲ್ಲಿ ನಿಂತಿದೆ. ನಿಮ್ಮ ಗಡ್ಡ ಯಾವ ಲೆಕ್ಕ ಸಾರ್."

ಪಾತ್ರದ ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನಾಟಕ ಬರೆದಿದ್ದ ಭಾಷಾ ಟೀಚರಿಗೆ ತಲೆ ಕೆಟ್ಟುಹೋಯಿತು. "ಶಾಲೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಹೇಳಿ, ತಾನಾಗೇ ಬರತ್ತೆ" ಎಂದರು. ಮೇಷ್ಟ್ರು ನಿಲುವಂಗಿ ಸರಿಮಾಡಿಕೊಂಡು ಬಾಗಿಲಿಗೆ ಹೋಗಿ, ಕಣ್ಣು ಮುಚ್ಚಿ ಎರಡೂ ಕೈ ಚಾಚಿದರು.

"ಈ ಬಾಗಿಲಿಗೆ ಬಂದ ಮಗುವನ್ನು ನಾನು ತಿರುಗಿ ಕಳಿಸಲಾರೆ. ಪಾಠ ಬಾರದಿದ್ದರೆ ಕಲಿಸುವುದು ನನ್ನ ಭಾರ."

ಕಣ್ಣು ಬಿಟ್ಟರೆ ಎದುರಿಗೆ ಒಬ್ಬ ಅಜ್ಜಿ, ಪಕ್ಕದಲ್ಲಿ ಮೊಮ್ಮಗಳು.

"ದೊಡ್ಡ ಮಾತು ಹೇಳಿದ್ರಿ ಫಾದರ್. ಲೆಕ್ಕ ಬರಲ್ಲ ಅಂತ ಬೆಳಗ್ಗೆ ಆಫೀಸಲ್ಲಿ ಇವಳಿಗೆ ಸೀಟಿಲ್ಲ ಅಂದಿದ್ರು."

"ಅಜ್ಜಿ, ನಾನು ಫಾದರ್ ಅಲ್ಲ. ಇದು ಬರೀ ನಾಟಕದ ಗಡ್ಡ" ಎಂದು ಮೇಷ್ಟ್ರು ಅದನ್ನು ಜಗ್ಗಿದರು. ಗಡ್ಡ ಬರಲಿಲ್ಲ, ಕಣ್ಣೀರು ಬಂತು.

"ನೋಡೇ, ನಿನಗೋಸ್ಕರ ಅಳ್ತಿದಾರೆ" ಎಂದು ಅಜ್ಜಿ ಮೊಮ್ಮಗಳಿಗೆ ತೋರಿಸಿ, ಸೆರಗಲ್ಲಿ ಕಣ್ಣೊರೆಸಿಕೊಂಡು ಹೊರಟಳು. ಬೀದಿಯುದ್ದಕ್ಕೂ ಸುದ್ದಿ ಬಿತ್ತುತ್ತ ಹೋಗಿರಬೇಕು. ನಾಟಕದ ಹೊತ್ತಿಗೆ, ಸೀಟು ಸಿಗದ ಮಕ್ಕಳೆಲ್ಲ ಅಮ್ಮಂದಿರ ಜೊತೆ ಮುಂದಿನ ಸಾಲಲ್ಲಿ ಕೂತಿದ್ದರು.

"ಸೀಟು ಕೊಡೋಕೆ ನೀವ್ಯಾರು?" ಎಂದು ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಪರದೆಯ ಹಿಂದೆ ಹಲ್ಲು ಕಡಿದರು.

ಮೇಷ್ಟ್ರು ಅಷ್ಟಕ್ಕೆಲ್ಲ ಹೆದರುವ ಆಸಾಮಿಯಲ್ಲ. ಆ ಮಾತನ್ನೇ ನುಂಗಿಬಿಟ್ಟರಾಯಿತು ಎಂದುಕೊಂಡು ಧೈರ್ಯವಾಗಿ ವೇದಿಕೆ ಹತ್ತಿದರು. ಆ ಘಟ್ಟ ಬಂದಾಗ ಸುಮ್ಮನೆ ನಿಂತರು.

ಅಜ್ಜಿ ಎದ್ದಳು. "ಮರೆತುಹೋಯ್ತಾ ಫಾದರ್? ನಾನು ಹೇಳ್ತೀನಿ" ಎಂದು ಒಂದಕ್ಷರ ಬಿಡದೆ ಒಪ್ಪಿಸಿದಳು. ಸಭೆಯೆಲ್ಲ ಚಪ್ಪಾಳೆ.

ಈಗಿನ ಫಾದರ್ ಕನ್ನಡಕ ತೆಗೆದು ಒರೆಸಿ, ಮೈಕು ಹಿಡಿದರು. "ಸ್ಥಾಪಕರ ಈ ಮಾತು ನೂರು ವರ್ಷ ನಮ್ಮ ಗೋಡೆ ಮೇಲಿತ್ತು. ಮೇಷ್ಟ್ರು ಇವತ್ತು ಅದನ್ನ ಬಾಗಿಲಿಗೆ ತಂದ್ರು. ಬಂದಿರೋ ಮಕ್ಕಳನ್ನೆಲ್ಲ ಸೇರಿಸ್ಕೊಳ್ತೀವಿ."

ಮೇಷ್ಟ್ರಿಗೂ ಎದೆ ತುಂಬಿತು, ಸುಳ್ಳು ಹೇಳಬಾರದು. ಆದರೂ ಇಳಿಯುವಾಗ ಮೆಲ್ಲಗೆ ಕೇಳಿದರು: "ಫಾದರ್, ನನ್ನ ಸಂಜೆ ಕ್ಲಾಸು?"

"ಕೊಟ್ಟ ಮಾತು ತಪ್ಪಲ್ಲ. ಅದು ನಾಳೆಯಿಂದ ಡ್ರಾಯಿಂಗ್ ಮೇಷ್ಟ್ರಿಗೆ."

ಮೇಷ್ಟ್ರು ಉಸಿರು ಬಿಟ್ಟರು.

"ಈ ಹೊಸ ಮಕ್ಕಳಿಗೆ ಮಾತ್ರ ಬೆಳಗ್ಗೆ ಆರಕ್ಕೆ ಬನ್ನಿ. ಕಲಿಸೋದು ನಿಮ್ಮ ಭಾರ ಅಂದಿದ್ರಲ್ಲ."

ಮರುದಿನ ಬೆಳಕು ಹರಿಯುವ ಮೊದಲೇ ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಬೆಳಕಿರುವಾಗ ಬರುತ್ತೇನೆಂದವರು ಕತ್ತಲಲ್ಲಿ ಹೊರಟದ್ದನ್ನು ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಹೋಗ್ಬನ್ನಿ ಫಾದರ್" ಎಂದಳು. ಅಂಟಿಸಿದ ಗಡ್ಡ ಇನ್ನೂ ಮುಖ ಬಿಟ್ಟಿರಲಿಲ್ಲ.